ಎರವಲು ಮದ್ದಿನ ಚರಿತ್ರೆ

ನೆಗಡಿ ಬಂದರೆ ಯಾರೂ ಹೆದರುವುದಿಲ್ಲ. ಈ ಕಾಯಿಲೆ ಶುರುವಾಗುವುದೇ ನೆಗಡಿಯ ವೇಷದಲ್ಲಿ. ಮೂಗು ಕಟ್ಟುತ್ತದೆ, ಒಳಗೆ ರಕ್ತ ಬೆರೆತ ಹಕ್ಕಳೆ ನಿಲ್ಲುತ್ತದೆ, ಸೈನಸ್ ಇರಬೇಕೆಂದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ನಡೆಯುತ್ತದೆ. ಆಮೇಲೆ ಮೂಗಿನ ನಡುಗೋಡೆ ತೂತು ಬಿದ್ದು ಮೂಗೇ ಕುಸಿಯುತ್ತದೆ. ಕಿವಿ ಮಂದವಾಗುತ್ತದೆ, ಕಣ್ಣು ಕೆಂಪಾಗುತ್ತದೆ, ಕೆಮ್ಮಿದರೆ ರಕ್ತ. ಅಷ್ಟು ಹೊತ್ತಿಗೆ ಯಾವ ನೋವನ್ನೂ ಕೊಡದೆ ಎರಡೂ ಕಿಡ್ನಿಗಳು ಸೋಲತೊಡಗಿರುತ್ತವೆ. 1958ರಲ್ಲಿ ವಾಲ್ಟನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ 56 ರೋಗಿಗಳ ಲೆಕ್ಕವನ್ನು ಮುಂದಿಟ್ಟರು. ಕಾಯಿಲೆ ಹಿಡಿದ ಮೇಲೆ ರೋಗಿ ಬದುಕುತ್ತಿದ್ದುದು ಸರಾಸರಿ ಐದು ತಿಂಗಳು. ನೂರಕ್ಕೆ 82 ಮಂದಿ ಒಂದು ವರ್ಷ ದಾಟುತ್ತಿರಲಿಲ್ಲ. ಎರಡು ವರ್ಷ ಕಳೆಯುವ ಹೊತ್ತಿಗೆ ಹತ್ತರಲ್ಲಿ ಒಬ್ಬರು ಉಳಿದರೆ ಅದೇ ಹೆಚ್ಚು.

ಕಾಯಿಲೆಯ ಹೆಸರು ವೆಗೆನರ್ಸ್ ಗ್ರ್ಯಾನುಲೊಮಟೋಸಿಸ್. ಈಗ ಆ ಹೆಸರು ರದ್ದಾಗಿದೆ. ಅದು ರದ್ದಾದದ್ದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರೋಣ.

ರೋಗಾಣುಗಳ ವಿರುದ್ಧ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ರಕ್ತನಾಳಗಳ ಗೋಡೆಯನ್ನೇ ಸುಡುವ ಕಾಯಿಲೆಗಳಿಗೆ ವ್ಯಾಸ್ಕ್ಯುಲೈಟಿಸ್ ಎಂದು ಹೆಸರು. ಅವುಗಳಲ್ಲಿ ಇದು ಸಣ್ಣ ನಾಳಗಳನ್ನು ಹಿಡಿಯುವ ಜಾತಿ. ಮೂಗು, ಪುಪ್ಪುಸ, ಕಿಡ್ನಿಗಳಲ್ಲಿ ಹಬ್ಬಿರುವ ಕೂದಲೆಳೆಗಿಂತ ಸಣ್ಣ ನಾಳಗಳು ಉರಿದು ಮುಚ್ಚಿಹೋಗುತ್ತವೆ, ಇಲ್ಲವೇ ಒಡೆದು ಸೋರುತ್ತವೆ. ಯುರೋಪಿನಲ್ಲಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಹತ್ತು ಮಂದಿಗೆ ಬರುವ ಕಾಯಿಲೆ ಇದು. ಇಷ್ಟು ಕಡಿಮೆ ಗಿರಾಕಿಗಳಿರುವ ಕಾಯಿಲೆಗೆಂದು ಯಾವ ಕಂಪನಿ ತಾನೇ ಮದ್ದು ಹುಡುಕುತ್ತದೆ? ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ರೋಗಿಗಳನ್ನು ಉಳಿಸಿದ ದೊಡ್ಡ ಮದ್ದುಗಳೆಲ್ಲ ಬೇರೆ ಯಾರಿಗೋ, ಬೇರೆ ಯಾವುದಕ್ಕೋ ಮಾಡಿದಂಥವು. ಒಂದು ಬಂದದ್ದು ಯುದ್ಧಭೂಮಿಯಿಂದ, ಇನ್ನೊಂದು ಕೀಲುನೋವಿನ ವಾರ್ಡಿನಿಂದ, ಮತ್ತೊಂದು ಕ್ಯಾನ್ಸರ್ ವಾರ್ಡಿನಿಂದ. ಎರವಲು ತಂದವರ ಜಾಣತನವೇ ಈ ಚರಿತ್ರೆಯ ಜೀವಾಳ.

ಮೂಗು, ಮುಖ ಕೊಳೆತುಹೋಗುವ ಇಂಥ ಒಬ್ಬ ರೋಗಿಯ ಚಿತ್ರಗಳನ್ನು ಪೀಟರ್ ಮ್ಯಾಕ್‌ಬ್ರೈಡ್ ಎಂಬ ಬ್ರಿಟಿಷ್ ವೈದ್ಯರು 1897ರಲ್ಲೇ ಪ್ರಕಟಿಸಿದ್ದರು. ಏನೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. 1931ರಲ್ಲಿ ಹೈನ್ಸ್ ಕ್ಲಿಂಗರ್ ಎಂಬ ಜರ್ಮನ್ ವೈದ್ಯಕೀಯ ವಿದ್ಯಾರ್ಥಿ ಇದನ್ನು ಇನ್ನೊಂದು ಪರಿಚಿತ ನಾಳರೋಗದ ಬಗೆಯೆಂದುಕೊಂಡು ವರ್ಣಿಸಿದ. ಬ್ರೆಸ್ಲಾವ್‌ನ ಶವಪರೀಕ್ಷೆಯ ಮೇಜಿನ ಮೇಲೆ ಇಂಥದ್ದನ್ನೇ ಕಂಡ ಫ್ರೀಡ್ರಿಕ್ ವೆಗೆನರ್ ಎಂಬ ಎಳೆಯ ಪೆಥಾಲಜಿಸ್ಟ್ ಇದು ಹಳೆಯ ಯಾವುದರ ಬಗೆಯೂ ಅಲ್ಲ, ಸ್ವತಂತ್ರ ಕಾಯಿಲೆ ಎಂದು 1936ರಲ್ಲಿ ಹೇಳಿದ. 1939ರಲ್ಲಿ ಮೂವರು ರೋಗಿಗಳ ವಿವರವನ್ನು ಇಟ್ಟು ವಿಸ್ತಾರವಾಗಿ ಬರೆದ. ಯುದ್ಧ ಮುಗಿದ ಮೇಲೆ 1954ರಲ್ಲಿ ಅಮೆರಿಕದ ಗಾಡ್ಮನ್ ಮತ್ತು ಚರ್ಗ್ ಅದರ ಲಕ್ಷಣಗಳನ್ನು ಮೂರು ಅಂಶಗಳಲ್ಲಿ ಖಚಿತಪಡಿಸಿದರು: ಉಸಿರಿನ ದಾರಿಯಲ್ಲಿ ಗಂಟುಗಂಟಾದ ಉರಿಯೂತ, ನಾಳಗಳ ಉರಿಯೂತ, ಕಿಡ್ನಿಯ ಸೋಸುಗುಂಡುಗಳ ನಾಶ. ಹೆಸರು ನಿಂತಿತು. ಮದ್ದು ಮಾತ್ರ ಇರಲಿಲ್ಲ.

ಮೊದಲ ಎರವಲು ಸ್ಟೀರಾಯ್ಡ್. 1948ರ ಸೆಪ್ಟೆಂಬರಿನಲ್ಲಿ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು, ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಎರಡೇ ವರ್ಷದಲ್ಲಿ ಹೆಂಚ್‌ಗೆ ನೊಬೆಲ್ ಬಂತು. ವೆಗೆನರ್ಸ್ ರೋಗಿಗಳಿಗೂ ಅದನ್ನು ಕೊಟ್ಟು ನೋಡಿದರು. ಜ್ವರ ಇಳಿಯಿತು, ಕಣ್ಣು ಸರಿಹೋಯಿತು, ಆಯುಷ್ಯ ಐದು ತಿಂಗಳಿಂದ ಒಂದು ವರ್ಷದಾಚೆಗೆ ಜರುಗಿತು. ಕಿಡ್ನಿ ಹಿಡಿದ ಮೇಲೆ ಸ್ಟೀರಾಯ್ಡಿನ ಆಟ ನಡೆಯಲಿಲ್ಲ.

ಎರಡನೆಯ ಎರವಲಿನ ಮೂಲ 1917ರ ಜುಲೈಯಲ್ಲಿದೆ. ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಮೊದಲ ಬಾರಿಗೆ ಮಸ್ಟರ್ಡ್ ಗ್ಯಾಸ್ ಬಿಟ್ಟಿತು. ಸತ್ತ ಸೈನಿಕರ ಮೂಳೆಮಜ್ಜೆ ಬತ್ತಿಹೋಗಿದ್ದನ್ನು, ರಕ್ತದಲ್ಲಿ ಬಿಳಿಕಣಗಳೇ ಇಲ್ಲದ್ದನ್ನು ಅಮೆರಿಕದ ಕ್ರುಂಬಾರ್ ದಂಪತಿ 1919ರಲ್ಲಿ ಬರೆದಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಯೇಲ್ ವಿಶ್ವವಿದ್ಯಾಲಯದ ಗುಡ್ಮನ್ ಮತ್ತು ಗಿಲ್ಮನ್ ಈ ವಿಷದ ಸೋದರ ಸಂಬಂಧಿ ನೈಟ್ರೊಜನ್ ಮಸ್ಟರ್ಡನ್ನು ಸೇನೆಗಾಗಿ ಗುಟ್ಟಾಗಿ ಪರೀಕ್ಷಿಸುತ್ತಿದ್ದರು. ಬಿಳಿಕಣಗಳನ್ನು ಅಳಿಸುವ ವಿಷ ಬಿಳಿಕಣಗಳ ಕ್ಯಾನ್ಸರನ್ನೂ ಅಳಿಸಬಾರದೇಕೆ? 1942ರ ಆಗಸ್ಟಿನಲ್ಲಿ ಅದನ್ನು ಒಬ್ಬ ಲಿಂಫೋಮಾ ರೋಗಿಯ ರಕ್ತನಾಳಕ್ಕೆ ಚುಚ್ಚಿದರು. ಗಡ್ಡೆಗಳು ಕರಗಿದವು, ಮತ್ತೆ ಬಂದವು, ರೋಗಿ ಆ ವರ್ಷದ ಕೊನೆಗೆ ತೀರಿಕೊಂಡ. ಕೀಮೋಥೆರಪಿ ಹುಟ್ಟಿದ್ದು 1943ರ ಡಿಸೆಂಬರಿನಲ್ಲಿ, ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ನರು ಬಾಂಬು ಹಾಕಿ, ಅಮೆರಿಕದ ಹಡಗೊಂದರಲ್ಲಿ ಬಚ್ಚಿಟ್ಟಿದ್ದ ಮಸ್ಟರ್ಡ್ ಬಾಂಬುಗಳು ಒಡೆದಾಗ ಎಂಬ ಕಥೆ ಹೆಚ್ಚು ಜನಪ್ರಿಯ. ಬಾರಿಯ ಗಾಯಾಳುಗಳನ್ನು ನೋಡಿದ ಡಾಕ್ಟರ್ ಸ್ಟೀವರ್ಟ್ ಅಲೆಕ್ಸಾಂಡರ್ ಅವರ ವರದಿ ನಿಜಕ್ಕೂ ಮಹತ್ವದ್ದು, ಆದರೆ ಯೇಲ್‌ನ ರೋಗಿ ಅದಕ್ಕೂ ಒಂದು ವರ್ಷ ಹಿಂದಿನವನು. ಯುದ್ಧದ ಗುಟ್ಟು ಬಯಲಾದದ್ದು 1946ರಲ್ಲಾದ್ದರಿಂದ ಎರಡೂ ಕಥೆಗಳು ಒಂದರೊಳಗೊಂದು ಕಲೆತುಹೋದವು. ಜರ್ಮನಿಯ ಆಸ್ಟಾ ಕಂಪನಿಯಲ್ಲಿ ನಾರ್ಬರ್ಟ್ ಬ್ರಾಕ್ ಮತ್ತು ಸಂಗಡಿಗರು ಇದೇ ವಿಷವನ್ನು ಪಳಗಿಸಿ, ನುಂಗಬಹುದಾದ ಮಾತ್ರೆಯಾಗಿಸಿದರು. ಅದೇ ಸೈಕ್ಲೋಫಾಸ್ಫಮೈಡ್. 1959ರಲ್ಲಿ ಅಮೆರಿಕದಲ್ಲಿ ಅದಕ್ಕೆ ಕ್ಯಾನ್ಸರ್ ಮದ್ದೆಂದು ಅನುಮತಿ ಸಿಕ್ಕಿತು.

ಇಲ್ಲಿಂದ ಕಥೆ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾಕ್ಕೆ, ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಬರುತ್ತದೆ. 1968ರಲ್ಲಿ ಬ್ರೂಕ್ಲಿನ್‌ನ ಯುವಕ ಆಂಥೊನಿ ಫೌಚಿ ಅಲ್ಲಿ ಶೆಲ್ಡನ್ ವೂಲ್ಫ್ ಅವರ ಕೈಕೆಳಗೆ ಸೇರಿದರು. ವೂಲ್ಫ್ ಅವರ ವಾರ್ಡಿನಲ್ಲಿ ವ್ಯಾಸ್ಕ್ಯುಲೈಟಿಸ್ ರೋಗಿಗಳು ಸಾಯುತ್ತಿದ್ದರು. ಅದೇ ಕಟ್ಟಡದಲ್ಲಿ ಕ್ಯಾನ್ಸರ್ ಸಂಸ್ಥೆಯ ವಾರ್ಡುಗಳೂ ಇದ್ದವು. ಕೀಮೋ ಪಡೆದ ರೋಗಿಗಳಿಗೆ ಸೋಂಕು ತಗುಲಿದಾಗ ಅವರನ್ನು ನೋಡಲು ಕರೆಯುತ್ತಿದ್ದುದು ಸೋಂಕುರೋಗದ ಫೌಚಿಯನ್ನೇ. ಹೀಗೆ ಓಡಾಡುವಾಗಲೇ ಯೋಚನೆ ಹೊಳೆಯಿತೆಂದು ಅವರು ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ: ಅಲ್ಲಿ ಕ್ಯಾನ್ಸರ್ ಮದ್ದಿನಿಂದ ರಕ್ಷಣಾ ವ್ಯವಸ್ಥೆ ಕುಸಿದು ರೋಗಿ ನರಳುತ್ತಿದ್ದಾನೆ, ಇಲ್ಲಿ ರಕ್ಷಣಾ ವ್ಯವಸ್ಥೆ ಮಿತಿಮೀರಿ ರೋಗಿ ನರಳುತ್ತಿದ್ದಾನೆ. ಅಲ್ಲಿನ ಅಡ್ಡಪರಿಣಾಮವನ್ನೇ ಸಣ್ಣ ಪ್ರಮಾಣದಲ್ಲಿ ಇಲ್ಲಿಗೆ ತಂದರೆ?

ಪ್ರಮಾಣದಲ್ಲೇ ಎಲ್ಲ ಇತ್ತು. ಕ್ಯಾನ್ಸರಿಗೆ ಕೊಡುವಂತೆ ಒಮ್ಮೆಗೇ ದೊಡ್ಡ ಡೋಸ್ ಸುರಿಯುವ ಬದಲು ದಿನಕ್ಕೆ ಮೈತೂಕದ ಕಿಲೋಗೆ ಎರಡು ಮಿಲಿಗ್ರಾಂ, ಜೊತೆಗೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್. ಮತ್ತೆಮತ್ತೆ ರಕ್ತ ತೆಗೆದು ಬಿಳಿಕಣ ಎಣಿಸುವುದು, ಲೆಕ್ಕ ಮೂರು ಸಾವಿರಕ್ಕಿಂತ ಕೆಳಗಿಳಿಯದಂತೆ ಮಾತ್ರೆ ಕಡಿಮೆ ಮಾಡುವುದು. 1973ರಲ್ಲಿ ಫೌಚಿ ಮತ್ತು ವೂಲ್ಫ್ 18 ರೋಗಿಗಳ ವರದಿ ಪ್ರಕಟಿಸಿದರು. 1983ರ ಹೊತ್ತಿಗೆ ರೋಗಿಗಳ ಸಂಖ್ಯೆ 85. ಅವರಲ್ಲಿ 79 ಮಂದಿಯ ಕಾಯಿಲೆ ಸಂಪೂರ್ಣ ತಣ್ಣಗಾಗಿತ್ತು. ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಿದ್ದ ಕಾಯಿಲೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಎದ್ದು ಮನೆಗೆ ನಡೆದರು. ಈ ಶ್ರೇಯಸ್ಸು ಇಡಿಯಾಗಿ ಬೆಥೆಸ್ಡಾದ್ದೇ ಎಂದರೆ ತಪ್ಪಾಗುತ್ತದೆ. ಕ್ಯಾಲಿಫೋರ್ನಿಯಾದ ನೋವಾಕ್ ಮತ್ತು ಪಿಯರ್ಸನ್ 1971ರಲ್ಲೇ ಇದೇ ಮದ್ದಿನಿಂದ ಕೆಲವು ರೋಗಿಗಳನ್ನು ಗುಣಪಡಿಸಿದ್ದನ್ನು ಬರೆದಿದ್ದರು. ಎನ್‌ಐಎಚ್‌ ಮಾಡಿದ ದೊಡ್ಡ ಕೆಲಸವೆಂದರೆ ಅದನ್ನೊಂದು ಕ್ರಮವಾಗಿಸಿ, ವರ್ಷಗಟ್ಟಲೆ ರೋಗಿಗಳ ಬೆನ್ನುಬಿಡದೆ ನೋಡಿದ್ದು.

ಬೆನ್ನುಬಿಡದೆ ನೋಡಿದ್ದರಿಂದಲೇ ಕಹಿಯೂ ತಿಳಿಯಿತು. 1992ರಲ್ಲಿ ಗ್ಯಾರಿ ಹಾಫ್‌ಮನ್, ಫೌಚಿ ಮತ್ತಿತರರು 158 ರೋಗಿಗಳ ದೀರ್ಘ ಲೆಕ್ಕ ಒಪ್ಪಿಸಿದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಾಮಾಣಿಕ ದಾಖಲೆ ಇದು, ತಮ್ಮದೇ ವಿಜಯದ ಬೆಲೆಪಟ್ಟಿಯನ್ನು ತಾವೇ ಬರೆದುಕೊಟ್ಟಂತಿದೆ. ನೂರಕ್ಕೆ 91 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಆದರೆ ತಣ್ಣಗಾದ ಕಾಯಿಲೆ ಅರ್ಧದಷ್ಟು ಸಲ ಮರುಕಳಿಸಿತ್ತು. ಮರುಕಳಿಸಿದಾಗಲೆಲ್ಲ ಮತ್ತದೇ ವಿಷದ ಮಾತ್ರೆ. 46 ಶೇಕಡಾ ರೋಗಿಗಳಿಗೆ ಗಂಭೀರ ಸೋಂಕು. ಸೈಕ್ಲೋಫಾಸ್ಫಮೈಡ್ ದೇಹದಲ್ಲಿ ಒಡೆದಾಗ ಹುಟ್ಟುವ ಅಕ್ರೋಲೀನ್ ಎಂಬ ವಸ್ತು ಮೂತ್ರಕೋಶದ ಒಳಪದರವನ್ನು ಸುಡುತ್ತದೆ, 43 ಶೇಕಡಾ ಮಂದಿಗೆ ಮೂತ್ರದಲ್ಲಿ ರಕ್ತ ಬರುವ ಉರಿಯೂತವಾಗಿತ್ತು. ಮೂತ್ರಕೋಶದ ಕ್ಯಾನ್ಸರ್ ಸಾಮಾನ್ಯರಿಗಿಂತ 33 ಪಟ್ಟು ಹೆಚ್ಚು. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಂಜೆಯರಾಗಿದ್ದರು. ಮಾತ್ರೆಯನ್ನು ಬೆಳಗ್ಗೆಯೇ ನುಂಗಿ, ರಾತ್ರಿ ಮೂತ್ರಕೋಶದಲ್ಲಿ ವಿಷ ನಿಲ್ಲದಿರಲೆಂದು ದಿನವಿಡೀ ತಂಬಿಗೆಗಟ್ಟಲೆ ನೀರು ಕುಡಿಯಬೇಕು. ಹಾಗೆ ಹತ್ತಾರು ವರ್ಷ ಬದುಕುವುದು ಹೇಗಿದ್ದೀತೆಂಬ ಪ್ರಶ್ನೆ ಐದು ತಿಂಗಳಲ್ಲಿ ಸಾಯುತ್ತಿದ್ದ ಕಾಲದಲ್ಲಿ ಯಾರಿಗೂ ಬಂದಿರಲಿಲ್ಲ.

ಯುರೋಪಿನ ವೈದ್ಯರು ಈ ಮಾತ್ರೆಯ ಅವಧಿಗೆ ಕತ್ತರಿ ಹಾಕಿದರು. ಮೂರರಿಂದ ಆರು ತಿಂಗಳು ಸೈಕ್ಲೋಫಾಸ್ಫಮೈಡ್ ಕೊಟ್ಟು, ಕಾಯಿಲೆ ತಣ್ಣಗಾದೊಡನೆ ಸೌಮ್ಯವಾದ ಅಜಾಥಯೋಪ್ರಿನ್‌ಗೆ ದಾಟಿದರೂ ಮರುಕಳಿಕೆ ಹೆಚ್ಚುವುದಿಲ್ಲವೆಂದು ಕೇಂಬ್ರಿಡ್ಜಿನ ಡೇವಿಡ್ ಜೇನ್ ಮತ್ತು ಸಂಗಡಿಗರು 155 ರೋಗಿಗಳ ಅಧ್ಯಯನದಿಂದ 2003ರಲ್ಲಿ ತೋರಿಸಿದರು. ವಿಷ ಕಡಿಮೆಯಾಯಿತು. ಆದರೆ ವಿಷದ ಹೊರತು ದಾರಿ ಇನ್ನೂ ಇರಲಿಲ್ಲ.

ದಾರಿ ಸಿಗಬೇಕಾದರೆ ಶತ್ರು ಯಾರೆಂದು ಗೊತ್ತಿರಬೇಕಲ್ಲ. ಆ ಸುಳಿವು ಸಿಕ್ಕಿದ್ದು ಲ್ಯಾಬಿನ ಕತ್ತಲೆ ಕೋಣೆಯಲ್ಲಿ. ಆರೋಗ್ಯವಂತನ ರಕ್ತದಿಂದ ತೆಗೆದ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಆಲ್ಕೋಹಾಲಿನಲ್ಲಿ ಅಂಟಿಸುತ್ತಾರೆ. ಮೇಲೆ ರೋಗಿಯ ಸೀರಂ ಹನಿಸುತ್ತಾರೆ. ಸೀರಂನಲ್ಲಿ ಆ ಕಣಗಳನ್ನು ಹಿಡಿಯುವ ಪ್ರತಿಕಾಯವಿದ್ದರೆ ಅಂಟಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಅದರ ಮೇಲೆ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ ಹಾಕಿ, ದೀಪ ಆರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಕಣದ ಒಡಲೆಲ್ಲ ಹಸಿರು ರವೆಯಂತೆ ಮಿನುಗುತ್ತದೆ, ನಡುವಿನ ನ್ಯೂಕ್ಲಿಯಸ್ಸಿನ ಹಾಲೆಗಳು ಮಾತ್ರ ಕಪ್ಪಗೆ ಉಳಿಯುತ್ತವೆ. 1982ರಲ್ಲಿ ಆಸ್ಟ್ರೇಲಿಯಾದ ಡೇವಿಸ್ ಮತ್ತು ಸಂಗಡಿಗರು ಕಿಡ್ನಿ ಕೆಟ್ಟ ಎಂಟು ರೋಗಿಗಳಲ್ಲಿ ಇಂಥ ಪ್ರತಿಕಾಯವನ್ನು ಕಂಡರು. ಆದರೆ ಅವರು ಸೊಳ್ಳೆಯಿಂದ ಹರಡುವ ವೈರಸ್ ಒಂದನ್ನು ಶಂಕಿಸಿದ್ದರಿಂದ ವರದಿ ಮೂಲೆ ಸೇರಿತು. ನೆದರ್‌ಲೆಂಡ್ಸ್‌ನ ಫೊಕ್ಕೊ ಫಾನ್ ಡೆರ್ ವೌಡೆ, ಕೋಪನ್‌ಹೇಗನ್ನಿನ ಕಿವಿ ಮೂಗು ಗಂಟಲು ತಜ್ಞ ನೀಲ್ಸ್ ರಾಸ್ಮುಸೆನ್ ಮತ್ತು ಅಲನ್ ವೀಕ್ 1985ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ವೆಗೆನರ್ಸ್ ಕಾಯಿಲೆಯ ಗುರುತೆಂದು ಸಾರಿದರು. ಕಾಯಿಲೆ ಕೆರಳಿದಾಗ ಪ್ರತಿಕಾಯ ಏರುತ್ತಿತ್ತು, ತಣ್ಣಗಾದಾಗ ಇಳಿಯುತ್ತಿತ್ತು. ಅದಕ್ಕೆ ಆಂಕಾ ಎಂಬ ಚುಟುಕು ಹೆಸರು ಬಂತು. ಮೂಗು ಬಗೆಯುವ ಡಾಕ್ಟರೊಬ್ಬರು ಕಿಡ್ನಿಯವರ ಜೊತೆ ಕೂತದ್ದರಿಂದ ಇದು ಸಾಧ್ಯವಾಯಿತು ಎನ್ನುವುದನ್ನು ನೆನಪಿಡಬೇಕು.

1988ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನ ರೊನಾಲ್ಡ್ ಫಾಕ್ ಮತ್ತು ಚಾರ್ಲ್ಸ್ ಜೆನೆಟ್ ಈ ಗುಂಪಿನ ಒಂದು ಬಗೆಯ ಪ್ರತಿಕಾಯ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೆ ಗುರಿಯಿಟ್ಟಿದೆಯೆಂದು ತೋರಿಸಿದರು. ವೆಗೆನರ್ಸ್ ಕಾಯಿಲೆಯ ಹೆಚ್ಚಿನವರಲ್ಲಿ ಗುರಿ ಪ್ರೊಟೀನೇಸ್ 3 ಎಂಬ ಇನ್ನೊಂದು ಕಿಣ್ವ. ಇಲ್ಲೊಂದು ಜಗಳ ಎದ್ದಿತು, ಅದು ಪೂರ್ತಿ ಮುಗಿದಿಲ್ಲ. ಪ್ರತಿಕಾಯ ಕಾಯಿಲೆಯ ಕಾರಣವೋ, ಬರೀ ಹೊಗೆಯೋ? ಚಾಪೆಲ್ ಹಿಲ್‌ನವರು 2002ರಲ್ಲಿ ಮೈಲೊಪೆರಾಕ್ಸಿಡೇಸ್ ಪ್ರತಿಕಾಯವನ್ನು ಇಲಿಗಳಿಗೆ ಚುಚ್ಚಿ ಅವುಗಳ ಕಿಡ್ನಿ ಕೆಡಿಸಿ ತೋರಿಸಿದರು. ಪ್ರೊಟೀನೇಸ್ 3ರ ವಿಷಯದಲ್ಲಿ ಅಷ್ಟು ಸ್ಪಷ್ಟವಾದ ಇಲಿ ಪ್ರಯೋಗ ಒಲಿದಿಲ್ಲ. ಕೆಲವು ರೋಗಿಗಳಲ್ಲಿ ಆಂಕಾ ಕಾಣುವುದೇ ಇಲ್ಲ, ಇನ್ನು ಕೆಲವರಲ್ಲಿ ಕಾಯಿಲೆ ತಣ್ಣಗಾಗಿದ್ದರೂ ಅದು ಏರಿರುತ್ತದೆ. ಜಗಳ ಏನೇ ಇರಲಿ, ಪ್ರತಿಕಾಯ ತಯಾರಾಗುವ ಕಾರ್ಖಾನೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅದು ಬಿ ಕಣಗಳೆಂಬ ಬಿಳಿಕಣಗಳ ವಂಶ.

ಅಷ್ಟರಲ್ಲಿ ಬಿ ಕಣಗಳನ್ನೇ ಹೆಕ್ಕಿ ತೆಗೆಯುವ ಆಯುಧ ಬೇರೆ ಕಡೆ ತಯಾರಾಗಿತ್ತು. 1975ರಲ್ಲಿ ಕೇಂಬ್ರಿಡ್ಜಿನ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ವಿಧಾನ ಕಂಡುಹಿಡಿದಿದ್ದರು. 1990ರಲ್ಲಿ ಅದೇ ಊರಿನ ಮಾರ್ಟಿನ್ ಲಾಕ್‌ವುಡ್ ಗುಂಪು ಯಾವ ಮದ್ದಿಗೂ ಬಗ್ಗದ ಒಬ್ಬ ವ್ಯಾಸ್ಕ್ಯುಲೈಟಿಸ್ ರೋಗಿಗೆ ಇಂಥ ಮಾನೋಕ್ಲೋನಲ್ ಪ್ರತಿಕಾಯಗಳನ್ನು ಕೊಟ್ಟು ಗೆದ್ದಿತ್ತು. ದಾರಿ ಇದೆಯೆಂದು ತೋರಿಸಿದ ಆ ಪ್ರಯತ್ನಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಸ್ಯಾನ್ ಡಿಯಾಗೋದ ಐಡೆಕ್ ಕಂಪನಿ, ಬಿ ಕಣದ ಮೈಮೇಲಿರುವ ಸಿಡಿ20 ಎಂಬ ಗುರುತನ್ನು ಹಿಡಿಯುವ, ಅರ್ಧ ಇಲಿಯದು ಅರ್ಧ ಮನುಷ್ಯನದು ಎನ್ನಬಹುದಾದ ಪ್ರತಿಕಾಯವನ್ನು ಲಿಂಫೋಮಾಕ್ಕೆಂದು ಮಾಡಿತು. 1997ರ ನವೆಂಬರಿನಲ್ಲಿ ಅನುಮತಿ ಪಡೆದ ಆ ಮದ್ದಿನ ಹೆಸರು ರಿಟುಕ್ಸಿಮ್ಯಾಬ್. ಲಂಡನ್ನಿನಲ್ಲಿ ಜೊನಾಥನ್ ಎಡ್ವರ್ಡ್ಸ್ ಅದನ್ನು ಕೀಲುವಾತಕ್ಕೆ ಬಳಸಿ ನೋಡತೊಡಗಿದ್ದರು.

ಮೇಯೋ ಕ್ಲಿನಿಕ್‌ಗೆ ಬಂದಿದ್ದ ಜರ್ಮನ್ ಮೂಲದ ಶ್ವಾಸಕೋಶ ತಜ್ಞ ಉಲ್ರಿಕ್ ಸ್ಪೆಕ್ಸ್ ಮುಂದೆ ಆಗ ಒಬ್ಬ ರೋಗಿಯಿದ್ದ. ಕಾಯಿಲೆ ಪದೇಪದೇ ಮರುಕಳಿಸುತ್ತಿತ್ತು, ಸೈಕ್ಲೋಫಾಸ್ಫಮೈಡ್ ಕೊಡೋಣವೆಂದರೆ ಅವನ ಮೂಳೆಮಜ್ಜೆ ಅದನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಪುಸ್ತಕದ ಜ್ಞಾನ ರಿಟುಕ್ಸಿಮ್ಯಾಬ್‌ಗೆ ವಿರುದ್ಧವಾಗಿತ್ತು. ಪ್ರತಿಕಾಯ ಸುರಿಸುವ ಕೊನೆಯ ಹಂತದ ಪ್ಲಾಸ್ಮಾ ಕಣಗಳ ಮೈಮೇಲೆ ಸಿಡಿ20 ಇರುವುದಿಲ್ಲ, ಹಾಗಾಗಿ ಮದ್ದು ಅವುಗಳನ್ನು ಮುಟ್ಟುವುದಿಲ್ಲ. ಆದರೆ ಕೆಟ್ಟ ಪ್ರತಿಕಾಯ ಮಾಡುವ ಪ್ಲಾಸ್ಮಾ ಕಣಗಳು ಅಲ್ಪಾಯುಷಿಗಳಿರಬಹುದು, ಬಿ ಕಣಗಳ ಪೂರೈಕೆ ನಿಂತರೆ ಅವು ತಾವಾಗಿ ಕ್ಷೀಣಿಸಬಹುದು ಎಂದು ಸ್ಪೆಕ್ಸ್ ಎಣಿಸಿದರು. ಎಣಿಕೆ ಫಲಿಸಿತು. ಬಿ ಕಣಗಳು ಮಾಯವಾದವು, ಆಂಕಾ ಇಳಿಯಿತು, ಕಾಯಿಲೆ ಮಣಿಯಿತು. 2001ರಲ್ಲಿ ಪ್ರಕಟವಾದ ಆ ವರದಿಯಲ್ಲಿದ್ದುದು ಒಬ್ಬನೇ ರೋಗಿ. 2005ರ ಹೊತ್ತಿಗೆ ಹಳೆಯ ಮದ್ದುಗಳು ಕೈಕೊಟ್ಟಿದ್ದ 11 ರೋಗಿಗಳಿಗೆ ಕೊಟ್ಟು, ಹನ್ನೊಂದೂ ಮಂದಿಯಲ್ಲಿ ಕಾಯಿಲೆ ತಣಿದದ್ದನ್ನು ಮೇಯೋದವರು ತೋರಿಸಿದರು. ಪ್ರತಿಕಾಯ ಇಳಿದದ್ದರಿಂದ ಗುಣವಾಯಿತೋ, ಬಿ ಕಣಗಳು ಬೇರೆ ಕಣಗಳಿಗೆ ಕೊಡುತ್ತಿದ್ದ ಕುಮ್ಮಕ್ಕು ನಿಂತದ್ದರಿಂದಲೋ ಎಂಬ ಚರ್ಚೆ ಇಂದಿಗೂ ಇದೆ.

ಹೀಗೆ ಹೊಳೆದದ್ದೆಲ್ಲ ಗೆಲ್ಲುತ್ತದೆಂದು ನಂಬುವವರು ಅದೇ 2005ರ ಇನ್ನೊಂದು ಫಲಿತಾಂಶವನ್ನು ನೋಡಬೇಕು. ಕೀಲುವಾತದಲ್ಲಿ ಪವಾಡ ಮಾಡಿದ್ದ ಎಟನರ್‌ಸೆಪ್ಟ್ ಎಂಬ ಮದ್ದನ್ನು 180 ವೆಗೆನರ್ಸ್ ರೋಗಿಗಳ ಮೇಲೆ ಪರೀಕ್ಷಿಸಲಾಗಿತ್ತು. ತರ್ಕ ಅಚ್ಚುಕಟ್ಟಾಗಿತ್ತು, ಕಾಯಿಲೆಯ ಗಂಟುಗಳಲ್ಲಿ ಅದು ತಡೆಯುವ ರಾಸಾಯನಿಕವೇ ತುಂಬಿತ್ತು. ಫಲ ಸೊನ್ನೆ. ಮೇಲಾಗಿ ಎಟನರ್‌ಸೆಪ್ಟ್ ಪಡೆದವರಲ್ಲಿ ಆರು ಮಂದಿಗೆ ಕ್ಯಾನ್ಸರ್ ಗಡ್ಡೆ ಬಂತು, ಪಡೆಯದವರಲ್ಲಿ ಒಬ್ಬರಿಗೂ ಬರಲಿಲ್ಲ. ಆ ಅಧ್ಯಯನದ ಮುಂಚೂಣಿಯಲ್ಲಿದ್ದ ಜಾನ್ ಸ್ಟೋನ್ ಮತ್ತು ಸ್ಪೆಕ್ಸ್ ಅವರೇ ಮುಂದಿನ ಪರೀಕ್ಷೆಯನ್ನೂ ಕೈಗೆತ್ತಿಕೊಂಡಿದ್ದರು.

ಆ ಪರೀಕ್ಷೆಯ ಹೆಸರು ರೇವ್. ಒಂಬತ್ತು ಆಸ್ಪತ್ರೆಗಳು, 197 ರೋಗಿಗಳು. ಅರ್ಧ ಮಂದಿಗೆ ವಾರಕ್ಕೊಂದರಂತೆ ನಾಲ್ಕು ಸಲ ರಿಟುಕ್ಸಿಮ್ಯಾಬ್ ಡ್ರಿಪ್, ಉಳಿದರ್ಧಕ್ಕೆ ದಿನವೂ ಸೈಕ್ಲೋಫಾಸ್ಫಮೈಡ್. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೀಗಾಗಿ ಎಲ್ಲರೂ ಡ್ರಿಪ್ಪನ್ನೂ ಹಾಕಿಸಿಕೊಳ್ಳಬೇಕು, ಮಾತ್ರೆಯನ್ನೂ ನುಂಗಬೇಕು, ಎರಡರಲ್ಲೊಂದು ಪೊಳ್ಳು. ಫಲಿತಾಂಶ 2010ರ ಜುಲೈಯಲ್ಲಿ ಬಂತು. ಆರು ತಿಂಗಳಲ್ಲಿ ಸ್ಟೀರಾಯ್ಡ್ ಇಲ್ಲದೆಯೇ ಕಾಯಿಲೆ ತಣ್ಣಗಿದ್ದವರು ರಿಟುಕ್ಸಿಮ್ಯಾಬ್ ಗುಂಪಿನಲ್ಲಿ 64 ಶೇಕಡಾ, ಸೈಕ್ಲೋಫಾಸ್ಫಮೈಡ್ ಗುಂಪಿನಲ್ಲಿ 53. ಕಾಯಿಲೆ ಮರುಕಳಿಸಿ ಬಂದಿದ್ದವರಲ್ಲಿ ಅಂತರ ಎದ್ದುಕಾಣುತ್ತಿತ್ತು: 67ಕ್ಕೆ 42. ಯುರೋಪಿನ 44 ರೋಗಿಗಳ ಇನ್ನೊಂದು ಪರೀಕ್ಷೆಯೂ ಹೊಸ ಮದ್ದು ಹಳೆಯದಕ್ಕೆ ಸಾಟಿಯೆಂದಿತು. 2011ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಈ ಕಾಯಿಲೆಯ ಹೆಸರನ್ನೇ ಹಾಕಿ ಅವರು ಮದ್ದೊಂದಕ್ಕೆ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು.

ವೈದ್ಯರಿಗೆ ಅಚ್ಚರಿ ತಂದ ವಿಷಯ ಬೇರೆಯದು. ತೀವ್ರ ಅಡ್ಡಪರಿಣಾಮಗಳ ಲೆಕ್ಕದಲ್ಲಿ ಎರಡು ಗುಂಪುಗಳಿಗೂ ಅಂಥ ವ್ಯತ್ಯಾಸವಿರಲಿಲ್ಲ. ಗುರಿಯಿಟ್ಟು ಹೊಡೆಯುವ ಮದ್ದಾದರೂ ಸೋಂಕು ಬಿಡಲಿಲ್ಲ. ಜೊತೆಗಿದ್ದ ಸ್ಟೀರಾಯ್ಡಿನ ಪಾಲೂ ಅದರಲ್ಲಿತ್ತು. ಲಾಭ ಸಿಕ್ಕಿದ್ದು ದೂರದ ಲೆಕ್ಕದಲ್ಲಿ: ಮೂತ್ರಕೋಶ ಸುಡಲಿಲ್ಲ, ಬಂಜೆತನದ ಭಯ ಇಳಿಯಿತು. ಆದರೆ ನಾಲ್ಕು ಡ್ರಿಪ್ ಕೊಟ್ಟು ಬಿಟ್ಟರೆ ಬಿ ಕಣಗಳು ಮರಳುತ್ತವೆ, ಅವುಗಳ ಹಿಂದೆಯೇ ಕಾಯಿಲೆಯೂ ಮರಳಬಹುದು. ಒಂದೂವರೆ ವರ್ಷದ ಹೊತ್ತಿಗೆ ರಿಟುಕ್ಸಿಮ್ಯಾಬ್ ಗುಂಪಿನಲ್ಲಿ ತಣ್ಣಗೆ ಉಳಿದಿದ್ದವರು 39 ಶೇಕಡಾ ಮಾತ್ರ. 2014ರಲ್ಲಿ ಫ್ರಾನ್ಸಿನ ಲೊಯಿಕ್ ಗಿಲೆವಾಂ ಮತ್ತು ಸಂಗಡಿಗರು 115 ರೋಗಿಗಳಲ್ಲಿ ಆರಾರು ತಿಂಗಳಿಗೊಮ್ಮೆ ಸಣ್ಣ ಡೋಸ್ ರಿಟುಕ್ಸಿಮ್ಯಾಬ್ ಕೊಡುವ ಕ್ರಮವನ್ನು ಪರೀಕ್ಷಿಸಿದರು. 28 ತಿಂಗಳಲ್ಲಿ ದೊಡ್ಡ ಮರುಕಳಿಕೆ 5 ಶೇಕಡಾ, ಅಜಾಥಯೋಪ್ರಿನ್ ಪಡೆದವರಲ್ಲಿ 29. ಅಲ್ಲಿಂದಾಚೆಗೆ ಆರು ತಿಂಗಳಿಗೊಮ್ಮೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂರುವುದು ಈ ರೋಗಿಗಳ ಪಂಚಾಂಗಕ್ಕೆ ಸೇರಿತು. ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ಮಾತ್ರೆ, ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಆಮೇಲೆ ಚಳಿಜ್ವರ ಬಾರದಂತೆ ತೊಟ್ಟುತೊಟ್ಟಾಗಿ ಶುರುಮಾಡಿ, ಅರ್ಧ ಗಂಟೆಗೊಮ್ಮೆ ವೇಗ ಏರಿಸುತ್ತ ನಾಲ್ಕೈದು ತಾಸು.

ಇದೇ ವರ್ಷಗಳಲ್ಲಿ ಕಾಯಿಲೆಯ ಹೆಸರಿಗೂ ಶವಪರೀಕ್ಷೆ ನಡೆಯಿತು. ಅಮೆರಿಕದ ಎದೆರೋಗ ತಜ್ಞರ ಸಂಘ 1989ರಲ್ಲಿ ವೆಗೆನರ್‌ಗೆ ಪ್ರಶಸ್ತಿ ಕೊಟ್ಟು ಗೌರವಿಸಿತ್ತು. ಮರುವರ್ಷ ಅವನು ತೀರಿಕೊಂಡ. 2000ದ ಸುಮಾರಿಗೆ ಮೇಯೋದ ಎರಿಕ್ ಮ್ಯಾಟೆಸನ್ ಮತ್ತು ಜರ್ಮನ್ ವೈದ್ಯ ಅಲೆಕ್ಸಾಂಡರ್ ವೊಯ್‌ವೊಡ್ಟ್ ಅವನ ಜೀವನಚರಿತ್ರೆ ಬರೆಯಹೊರಟು ದಾಖಲೆ ಕೆದಕಿದರು. ಹಿಟ್ಲರ್ ಅಧಿಕಾರಕ್ಕೆ ಬರುವ ಮುನ್ನವೇ, 1932ರಲ್ಲಿ, ವೆಗೆನರ್ ನಾಜಿಗಳ ಕಂದು ಅಂಗಿ ಪಡೆಗೆ ಸೇರಿದ್ದ. ಮರುವರ್ಷ ಪಕ್ಷದ ಸದಸ್ಯನಾದ. ಯುದ್ಧದಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು ನಾಜಿಗಳು ವಶಪಡಿಸಿಕೊಂಡಿದ್ದ ಪೋಲೆಂಡಿನ ವುಡ್ಜ್ ನಗರದಲ್ಲಿ. ಅವನ ಕಚೇರಿಯ ಕೂಗಳತೆಯಲ್ಲೇ ಯಹೂದಿಗಳ ಘೆಟ್ಟೋ. ಲಕ್ಷಗಟ್ಟಲೆ ಜನರನ್ನು ಅಲ್ಲಿ ಕೂಡಿಹಾಕಿ, ಹಸಿವಿನಿಂದ ಕೊಂದು, ಉಳಿದವರನ್ನು ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದರು. ಯುದ್ಧಾನಂತರ ಅವನ ಹೆಸರು ಯುದ್ಧಾಪರಾಧಗಳ ವಿಚಾರಣೆಯ ಕಡತದಲ್ಲೂ ಇತ್ತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಇದೆಲ್ಲ ಪ್ರಕಟವಾಯಿತು. ಅವನು ಸ್ವತಃ ಅಪರಾಧವೆಸಗಿದ್ದಕ್ಕೆ ಪುರಾವೆ ಸಿಕ್ಕಿಲ್ಲವೆಂದು ಲೇಖಕರೇ ಬರೆದರು. ಪುರಾವೆಯಿಲ್ಲದೆ ಹೆಸರು ತೆಗೆಯುವುದು ಚರಿತ್ರೆಯನ್ನು ಅಳಿಸಿದಂತೆ ಎಂದು ಕೆಲವರು ವಾದಿಸಿದರು, ಕಾಯಿಲೆಗೆ ಒಬ್ಬನ ಹೆಸರಿಡುವುದು ಗೌರವ, ಗೌರವಕ್ಕೆ ಯಾರೂ ಹಕ್ಕುದಾರರಲ್ಲ ಎಂದು ಉಳಿದವರು. ಎರಡನೆಯ ವಾದವೇ ನನಗೂ ಸರಿಕಾಣುತ್ತದೆ. ಪ್ರಶಸ್ತಿ ವಾಪಸಾಯಿತು. 2011ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞಸಂಘಗಳು ಕಾಯಿಲೆಯನ್ನು ಗ್ರ್ಯಾನುಲೊಮಟೋಸಿಸ್ ವಿತ್ ಪಾಲಿಆಂಜಿಯೈಟಿಸ್, ಚುಟುಕಾಗಿ ಜಿಪಿಎ, ಎಂದು ಕರೆದವು. ನಾಲಿಗೆಗೆ ಸುಲಭವಲ್ಲದ ಹೆಸರು. ಹಳೆಯ ತಲೆಮಾರಿನ ವೈದ್ಯರ ಬಾಯಲ್ಲಿ ಈಗಲೂ ವೆಗೆನರ್ಸ್ ಇಣುಕುತ್ತದೆ.

ನಮ್ಮ ದೇಶದಲ್ಲಿ ಈ ರೋಗಿಯ ಮೊದಲ ಕಷ್ಟವೇ ಬೇರೆ. ಕೆಮ್ಮಿನಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಪುಪ್ಪುಸದ ಗಂಟು, ಗಂಟಿನ ನಡುವೆ ಕುಳಿ. ಇಷ್ಟು ಕಂಡರೆ ಇಲ್ಲಿ ಯಾವ ಡಾಕ್ಟರಿಗಾದರೂ ಮೊದಲು ನೆನಪಾಗುವುದು ಕ್ಷಯ, ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೂ ಹೌದು. ಹತ್ತನೆಯವನು ಕ್ಷಯದ ಮಾತ್ರೆ ನುಂಗುತ್ತ ತಿಂಗಳು ಕಳೆಯುವಷ್ಟರಲ್ಲಿ ಕಿಡ್ನಿ ಹೋಗಿರುತ್ತದೆ. ಉಲ್ಟಾ ಅಪಾಯವೂ ಇದೆ: ಒಳಗೆ ನಿಜವಾಗಿ ಕ್ಷಯವಿದ್ದು, ರಕ್ಷಣೆಯನ್ನು ಕುಗ್ಗಿಸುವ ಮದ್ದು ಕೊಟ್ಟರೆ ಅದು ಭುಗಿಲೆದ್ದೀತು. ಮಲಗಿದ್ದ ಹೆಪಟೈಟಿಸ್ ಬಿ ವೈರಸ್ ರಿಟುಕ್ಸಿಮ್ಯಾಬ್‌ನಿಂದ ಎದ್ದು ಲಿವರ್ ಕೆಡಿಸಬಹುದು, ಹಾಗಾಗಿ ಆ ಪರೀಕ್ಷೆ ಮಾಡದೆ ಡ್ರಿಪ್ ಹಾಕುವಂತಿಲ್ಲ. ಬೆಲೆಯ ಮಟ್ಟಿಗೆ ಮಾತ್ರ ಭಾರತ ಜಗತ್ತಿಗಿಂತ ಮುಂದೆ ಹೋಯಿತು. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ರಿಡಿಟಕ್ಸ್ ಹೆಸರಿನಲ್ಲಿ ಇದೇ ಮದ್ದಿನ ತದ್ರೂಪನ್ನು ಮೂಲಕ್ಕಿಂತ ಅಗ್ಗವಾಗಿ ಮಾರುಕಟ್ಟೆಗೆ ತಂದಿತು, ಯುರೋಪಿನಲ್ಲಿ ಅಂಥ ತದ್ರೂಪಕ್ಕೆ ಅನುಮತಿ ಸಿಗಲು 2017 ಬರಬೇಕಾಯಿತು. ಅಗ್ಗವೆಂದರೂ ಹಲವು ವರ್ಷ ಆರು ತಿಂಗಳಿಗೊಮ್ಮೆ ಕೊಳ್ಳುವುದು ಸಾಮಾನ್ಯ ಸಂಬಳದ ಮನೆಗೆ ಹಗುರವಲ್ಲ. ಹೀಗಾಗಿ 1970ರ ದಶಕದ ಸೈಕ್ಲೋಫಾಸ್ಫಮೈಡ್ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ನಿವೃತ್ತವಾಗಿಲ್ಲ.

2020ರಲ್ಲಿ ಕೊರೊನಾ ಬಂದಾಗ ಬಿ ಕಣಗಳಿಲ್ಲದೆ ಬದುಕುವುದರ ಇನ್ನೊಂದು ಬೆಲೆ ಗೊತ್ತಾಯಿತು. ಲಸಿಕೆ ಕೆಲಸ ಮಾಡುವುದೇ ಬಿ ಕಣಗಳಿಂದ ಹೊಸ ಪ್ರತಿಕಾಯ ಮಾಡಿಸಿ. ರಿಟುಕ್ಸಿಮ್ಯಾಬ್ ಪಡೆದು ಆರು ತಿಂಗಳೂ ಆಗದವರಿಗೆ ಚುಚ್ಚಿದ ಲಸಿಕೆ ಬಹುಮಟ್ಟಿಗೆ ನಾಟಲಿಲ್ಲ. ಇವರಲ್ಲಿ ಕೊರೊನಾ ವಾರಗಟ್ಟಲೆ ಬಿಡದೆ ಕಾಡಿತು, ಸಾವೂ ಹೆಚ್ಚಿತ್ತು. ಅಮೆರಿಕನ್ನರಿಗೆ ದಿನವೂ ಟಿವಿಯಲ್ಲಿ ಲಸಿಕೆಯ ಪಾಠ ಹೇಳುತ್ತಿದ್ದವರು ಅದೇ ಫೌಚಿ. 1981ರಲ್ಲಿ ಏಡ್ಸ್‌ನ ಮೊದಲ ವರದಿಗಳನ್ನು ಓದಿ ಅವರು ವ್ಯಾಸ್ಕ್ಯುಲೈಟಿಸ್ ಬಿಟ್ಟು ಆ ಕಡೆ ಹೊರಳಿದ್ದರು. ಅವರನ್ನು ಜಗತ್ತು ನೆನಪಿಡುವುದು ಏಡ್ಸ್ ಮತ್ತು ಕೊರೊನಾದಿಂದ, ವ್ಯಾಸ್ಕ್ಯುಲೈಟಿಸ್ ಕ್ಲಿನಿಕ್ಕುಗಳಲ್ಲಿ ಮಾತ್ರ ದಿನಕ್ಕೆ ಕಿಲೋಗೆ ಎರಡು ಮಿಲಿಗ್ರಾಂನಿಂದ. ಲಸಿಕೆಯನ್ನು ಮುಂದಿನ ಡೋಸಿಗೆ ಕೆಲವು ವಾರ ಮೊದಲೇ ಕೊಡುವ, ಕಾಯಿಲೆ ತಣ್ಣಗಿದ್ದವರಲ್ಲಿ ಡೋಸನ್ನೇ ಮುಂದೂಡುವ ಪದ್ಧತಿ ಆಗ ಗಟ್ಟಿಯಾಯಿತು. ಆರು ತಿಂಗಳಿಗೊಮ್ಮೆ ಎಲ್ಲರಿಗೂ ಕೊಡಬೇಕೋ, ಬಿ ಕಣ ಮತ್ತು ಆಂಕಾ ನೋಡಿಕೊಂಡು ಬೇಕಾದಾಗ ಕೊಟ್ಟರೆ ಸಾಕೋ ಎಂಬುದರ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ.

ಇಷ್ಟರಲ್ಲಿ ಕ್ಯಾನ್ಸರ್ ವಾರ್ಡಿನಿಂದ ಮತ್ತೊಂದು ಎರವಲು ಹೊರಟಿದೆ. ಜರ್ಮನಿಯ ಎರ್ಲಾಂಗನ್ನಿನಲ್ಲಿ ಗೆಯೊರ್ಗ್ ಶೆಟ್ ಗುಂಪು 2021ರಲ್ಲಿ ರಕ್ಷಣಾ ವ್ಯವಸ್ಥೆ ದಾರಿ ತಪ್ಪುವ ಇನ್ನೊಂದು ಕಾಯಿಲೆಯಾದ ಲೂಪಸ್‌ನ ಇಪ್ಪತ್ತರ ಯುವತಿಯೊಬ್ಬಳಿಂದ ಟಿ ಕಣಗಳೆಂಬ ಬಿಳಿಕಣಗಳನ್ನು ತೆಗೆದು, ಬಿ ಕಣಗಳನ್ನು ಬೇಟೆಯಾಡುವಂತೆ ಅವುಗಳ ಜೀನ್ ತಿದ್ದಿ, ಮತ್ತೆ ಆಕೆಯ ರಕ್ತಕ್ಕೇ ಬಿಟ್ಟಿತು. ಕಾರ್ ಟಿ ಎಂಬ ಈ ಚಿಕಿತ್ಸೆ ಲ್ಯುಕೇಮಿಯಾ, ಲಿಂಫೋಮಾಗಳಿಗೆಂದು ಹುಟ್ಟಿದ್ದು. ರಿಟುಕ್ಸಿಮ್ಯಾಬ್ ಮುಟ್ಟಲಾಗದೆ ಅಂಗಾಂಗಗಳ ಮೂಲೆಯಲ್ಲಿ ಉಳಿದುಬಿಡುವ ಬಿ ಕಣಗಳನ್ನೂ ಇದು ಹುಡುಕಿ ತೆಗೆಯಬಲ್ಲದು. ಮುಂದಿನ ವರ್ಷ ಐದು ಲೂಪಸ್ ರೋಗಿಗಳ ವರದಿ ಬಂತು, ಬಿ ಕಣಗಳು ಮರಳಿ ಬಂದ ಮೇಲೂ ಅವರ ಕಾಯಿಲೆ ಮರಳಿರಲಿಲ್ಲ. ಆಂಕಾ ವ್ಯಾಸ್ಕ್ಯುಲೈಟಿಸ್ ರೋಗಿಗಳ ಮೇಲೂ ಅದರ ಪರೀಕ್ಷೆಗಳು ಈಗ ಶುರುವಾಗಿವೆ.